ಎರಡು ಆಗಸ್ಟ್‌ಗಳ ಪಾಠ: ಬರಕ್ಕೂ ನೆರೆಗೂ ಸಂಘದ ಮುನ್ಸಿದ್ಧತೆ



2022ರ ಆಗಸ್ಟ್ ತಿಂಗಳ ಕೊನೆಯ ದಿನಗಳನ್ನು ನೀವು ಮರೆತಿರಲಾರಿರಿ. ರಾಮನಗರ, ಚನ್ನಪಟ್ಟಣ ಭಾಗದಲ್ಲಿ ಕೆರೆಗಳು ಕೋಡಿ ಬಿದ್ದವು, ಕೆಲವು ಏರಿಗಳು ಒಡೆದವು. ಬೆಂಗಳೂರು–ಮೈಸೂರು ಹೆದ್ದಾರಿಯ ಮೇಲೆ ಹೊಳೆಯಂತೆ ನೀರು ಹರಿದು ವಾಹನಗಳು ಮುಳುಗಿ ನಿಂತವು. ಅದಾದ ಸರಿಯಾಗಿ ಒಂದು ವರ್ಷಕ್ಕೆ 2023ರ ಆಗಸ್ಟ್ ಬಂತು. ಮೋಡ ಕಟ್ಟಿತು, ಕರಗಿತು, ಮಳೆ ಮಾತ್ರ ಬರಲಿಲ್ಲ. 1901ರಿಂದ ಈಚೆಗೆ ದೇಶದಲ್ಲಿ ಅಷ್ಟು ಒಣಗಿದ ಆಗಸ್ಟ್ ಇನ್ನೊಂದಿಲ್ಲವೆಂದು ಹವಾಮಾನ ಇಲಾಖೆ ಲೆಕ್ಕ ಕೊಟ್ಟಿತು. ಆ ಸಾಲಿನಲ್ಲಿ ರಾಜ್ಯ ಸರ್ಕಾರ ಒಟ್ಟು 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಿತು.

ಅದೇ ಊರು, ಅದೇ ಕೊಟ್ಟಿಗೆ, ಅದೇ ಹಸು. ಒಂದು ವರ್ಷ ನೀರು ಹೆಚ್ಚಾಗಿ ಕಷ್ಟ, ಮರುವರ್ಷ ನೀರಿಲ್ಲದೆ ಕಷ್ಟ. ಆದ್ದರಿಂದ ಇನ್ನು ಮುಂದೆ ಬರಕ್ಕೆ ಒಂದು ತಯಾರಿ, ನೆರೆಗೆ ಇನ್ನೊಂದು ತಯಾರಿ ಎಂದು ಕಾಯುತ್ತಾ ಕೂರುವಂತಿಲ್ಲ. ಎರಡನ್ನೂ ಒಂದೇ ಹಾಳೆಯಲ್ಲಿ ಬರೆದು ಸಂಘದ ಗೋಡೆಗೆ ಅಂಟಿಸಬೇಕು.

ಮಳೆ ನಮ್ಮ ಕೈಯಲ್ಲಿಲ್ಲ ಎಂದು ನೀವು ಹೇಳಬಹುದು. ನಿಜ. ಆದರೆ ಎರಡೂ ಹೇಳದೆ ಬರುವುದಿಲ್ಲ. ನೆರೆ ಒಂದು ರಾತ್ರಿ ಮೊದಲು ಹೇಳುತ್ತದೆ. ಬರ ಏಳು ತಿಂಗಳು ಮೊದಲು ಹೇಳುತ್ತದೆ. ಕೇಳಿಸಿಕೊಳ್ಳುವುದು ಮಾತ್ರ ನಮ್ಮ ಕೆಲಸ. ಇದನ್ನು ಒಂದೊಂದಾಗಿ ನೋಡೋಣ.

ಬರ ಏಳು ತಿಂಗಳು ಮೊದಲು ಹೇಳುತ್ತದೆ, ಹೇಗೆ?

ನಮ್ಮ ತಾಲ್ಲೂಕುಗಳಲ್ಲಿ ಒಣ ಮೇವು ಎಂದರೆ ರಾಗಿ ಹುಲ್ಲು. ಮಳೆ ಆಶ್ರಯದ ರಾಗಿ ಬಿತ್ತನೆ ಹೆಚ್ಚಾಗಿ ಜುಲೈನಿಂದ ಆಗಸ್ಟ್ ಮಧ್ಯದವರೆಗೆ ನಡೆಯುತ್ತದೆ. ಆಗಸ್ಟ್‌ನಲ್ಲಿ ಮಳೆ ಕೈಕೊಟ್ಟರೆ ನವೆಂಬರ್–ಡಿಸೆಂಬರ್‌ನಲ್ಲಿ ಹುಲ್ಲು ಸಿಗುವುದಿಲ್ಲ. ಆದರೆ ಆಗ ನಮಗೆ ಕಷ್ಟ ಕಾಣುವುದಿಲ್ಲ. ಹಳೆಯ ಮೆದೆ ಇನ್ನೂ ಉಳಿದಿರುತ್ತದೆ, ಬದುವಿನಲ್ಲಿ ಒಂದಿಷ್ಟು ಹಸಿರು ಇರುತ್ತದೆ. ಹಸುವಿನ ಹೊಟ್ಟೆಗೆ ಬರ ತಟ್ಟುವುದು ಮುಂದಿನ ಮಾರ್ಚ್‌ನಲ್ಲಿ. ಲೆಕ್ಕ ಹಾಕಿ, ಆಗಸ್ಟ್‌ನಿಂದ ಮಾರ್ಚ್‌ಗೆ ಏಳು ತಿಂಗಳು.

ಇದು ಹೊಸ ಮಾತೇನಲ್ಲ. ಹಿರಿಯರು ಹೇಳುತ್ತಿದ್ದ ಧಾತು–ಈಶ್ವರ ಸಂವತ್ಸರಗಳ ಮಹಾಕ್ಷಾಮದಲ್ಲೂ ಮಳೆ ಕೈಕೊಟ್ಟದ್ದು 1876ರಲ್ಲಿ, ಮೈಸೂರು ಸೀಮೆಯ ಜನ ಅತಿ ಹೆಚ್ಚು ಸತ್ತದ್ದು 1877ರಲ್ಲಿ. ಬರ ನಿಧಾನವಾಗಿ ನಡೆದು ಬರುತ್ತದೆ. ನಿಧಾನವಾಗಿ ಬರುವುದರಿಂದಲೇ ನಾವು ಮೋಸ ಹೋಗುತ್ತೇವೆ.

ಬರಗಾಲದ ಪ್ರತಿ ಬೇಸಿಗೆಯಲ್ಲೂ ನಾನು ನೋಡುವ ಒಂದು ದೃಶ್ಯವಿದೆ. ಮೂರು ಹಸು ಇದ್ದ ಸದಸ್ಯರು ಮೇವಿಲ್ಲದೆ ಏಪ್ರಿಲ್‌ನಲ್ಲಿ ಎರಡನ್ನು ಸಂತೆಗೆ ಹೊಡೆಯುತ್ತಾರೆ. ಆ ಹೊತ್ತಿಗೆ ಹಸುವಿನ ಪಕ್ಕೆಲುಬು ಎಣಿಸುವ ಹಾಗಿರುತ್ತದೆ. ಸಂತೆಯಲ್ಲಿ ಎಲ್ಲರೂ ಮಾರುವವರೇ, ಕೊಳ್ಳುವವರಿಲ್ಲ. ಸಿಕ್ಕಷ್ಟಕ್ಕೆ ಕೊಟ್ಟು ಬರುತ್ತಾರೆ. ಜುಲೈನಲ್ಲಿ ಮಳೆ ಬಂದು ಹುಲ್ಲು ಚಿಗುರಿದಾಗ ಅದೇ ಹಸುವನ್ನು ಕೊಳ್ಳಲು ಎರಡರಷ್ಟು ದುಡ್ಡು ಬೇಕು. ಹೀಗೆ ಒಂದು ಬರ ಒಂದು ಮನೆಯನ್ನು ಹೈನುಗಾರಿಕೆಯಿಂದಲೇ ಹೊರಗೆ ಹಾಕಿಬಿಡುತ್ತದೆ. ಮಾರಲೇಬೇಕಾದರೆ ಅಕ್ಟೋಬರ್‌ನಲ್ಲಿ, ಮೈಯಲ್ಲಿ ಮಾಂಸ ಇರುವಾಗಲೇ, ಸಾಕುವ ರೈತರಿಗೆ ಮಾರಿ. ಪದೇ ಪದೇ ಗರ್ಭ ಕಟ್ಟದ, ಹಾಲು ಕಡಿಮೆಯಾದ ರಾಸುವನ್ನು ಬಿಡಿ. ಗಬ್ಬದ ಕಡಸು ಮತ್ತು ಹೊಸದಾಗಿ ಕರು ಹಾಕಿದ ಹಸುವನ್ನು ಏನಾದರೂ ಮಾಡಿ ಉಳಿಸಿಕೊಳ್ಳಿ. ಬರ ಕಳೆದ ಮೇಲೆ ಮನೆ ನಡೆಸುವುದು ಅವೇ.

ಸಂಕ್ರಾಂತಿಯ ದಿನ ಮೆದೆಯ ಲೆಕ್ಕ

ಸಂಕ್ರಾಂತಿಯಂದು ರಾಸುಗಳ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಕಿಚ್ಚು ಹಾಯಿಸುತ್ತೇವೆ. ಅದೇ ದಿನ ಇನ್ನೊಂದು ಕೆಲಸ ಮಾಡಿ. ನಿಮ್ಮ ಮೆದೆಯಲ್ಲಿ ಎಷ್ಟು ಕಿಲೋ ಹುಲ್ಲಿದೆ ಎಂದು ಲೆಕ್ಕ ಹಾಕಿ. ಹತ್ತು ಹೊರೆ ತೂಗಿ ಸರಾಸರಿ ತೆಗೆದು, ಮೆದೆಗೆ ಹಾಕಿದ ಹೊರೆಗಳ ಸಂಖ್ಯೆಯಿಂದ ಗುಣಿಸಿದರೆ ಆಯಿತು.

ಈಗ ಖರ್ಚಿನ ಲೆಕ್ಕ. ಒಂದು ಮಿಶ್ರತಳಿ ಹಸುವಿಗೆ ಹಸಿರು ಮೇವು ಇಲ್ಲದ ದಿನಗಳಲ್ಲಿ ದಿನಕ್ಕೆ ಕನಿಷ್ಠ 6 ಕಿಲೋ ಒಣ ಹುಲ್ಲು ಬೇಕು. ಮಾರ್ಚ್‌ನಿಂದ ಜೂನ್‌ವರೆಗೆ 120 ದಿನ ಹಿಡಿದರೆ ಹಸುವೊಂದಕ್ಕೆ 720 ಕಿಲೋ. ಕಡಸಿಗೆ ಅದರ ಅರ್ಧ. ಎರಡು ಹಸು, ಒಂದು ಕಡಸು ಇರುವ ಮನೆಗೆ 1800 ಕಿಲೋ. ಮಳೆ ಆಶ್ರಯದ ಒಂದು ಎಕರೆ ರಾಗಿಯಲ್ಲಿ ಒಳ್ಳೆಯ ವರ್ಷ ಸಿಗುವುದು ಸುಮಾರು ಒಂದರಿಂದ ಒಂದೂವರೆ ಟನ್. ಸಂಕ್ರಾಂತಿಯಿಂದ ಮಾರ್ಚ್‌ವರೆಗೆ ತಿನ್ನಿಸುವುದು ಬೇರೆ. ಈ ಲೆಕ್ಕ ಹಾಕಿದರೆ ಕೊರತೆ ಎಷ್ಟೆಂದು ಜನವರಿಯಲ್ಲೇ ಗೊತ್ತಾಗುತ್ತದೆ. ಗೊತ್ತಾದ ಕೊರತೆಯನ್ನು ತುಂಬಿಸಿಕೊಳ್ಳಬಹುದು. ಗೊತ್ತಿಲ್ಲದ ಕೊರತೆ ಏಪ್ರಿಲ್‌ನಲ್ಲಿ ಸಂತೆಗೆ ಕಳಿಸುತ್ತದೆ.

ಕೊರತೆ ತುಂಬುವ ದಾರಿಗಳು

1. ಒಟ್ಟಾಗಿ ಕೊಳ್ಳುವುದು. ಕೊಯ್ಲಿನ ಕಾಲದಲ್ಲಿ ಮಂಡ್ಯ, ಮದ್ದೂರು ಕಡೆಯ ನೀರಾವರಿ ಗದ್ದೆಗಳಲ್ಲಿ ಭತ್ತದ ಹುಲ್ಲು ಸಿಗುತ್ತದೆ. ಒಬ್ಬೊಬ್ಬರೇ ಹೋದರೆ ಲಾರಿ ಬಾಡಿಗೆಯೇ ಹುಲ್ಲಿನ ಬೆಲೆಯನ್ನು ಮೀರುತ್ತದೆ. ಸಂಘದ ಹತ್ತು ಮನೆಯವರು ಕೂಡಿ ಒಂದು ಲಾರಿ ತರಿಸಿದರೆ ಹೊರೆ ಕಡಿಮೆ. ಭತ್ತದ ಹುಲ್ಲಿನಲ್ಲಿ ರಾಗಿ ಹುಲ್ಲಿನಷ್ಟು ಸುಣ್ಣದ ಅಂಶ ಇರುವುದಿಲ್ಲ. ಜೊತೆಗೆ ಖನಿಜ ಮಿಶ್ರಣವನ್ನು ತಪ್ಪದೆ ಕೊಡಬೇಕು.

2. ಕತ್ತರಿಸಿ ಹಾಕುವುದು. ಇಡೀ ಹುಲ್ಲು ಎಳೆದು ಹಾಕಿದರೆ ಒಳ್ಳೆಯ ಭಾಗ ಕಾಲಡಿಗೆ ಹೋಗುತ್ತದೆ. ಕತ್ತರಿಸಿ ಗೋದಲೆಯಲ್ಲಿ ಹಾಕಿದರೆ ಅದೇ ಮೆದೆ ಹೆಚ್ಚು ದಿನ ಬರುತ್ತದೆ. ಮನೆಗೊಂದು ಯಂತ್ರ ಬೇಕಿಲ್ಲ, ಬೀದಿಗೊಂದು ಸಾಕು.

3. ಯೂರಿಯಾ ಉಪಚಾರ. 100 ಕಿಲೋ ಒಣ ಹುಲ್ಲಿಗೆ 4 ಕಿಲೋ ಯೂರಿಯಾವನ್ನು ಸುಮಾರು 50 ಲೀಟರ್ ನೀರಿನಲ್ಲಿ ಪೂರ್ತಿ ಕರಗಿಸಿ, ಪದರ ಪದರವಾಗಿ ಸಿಂಪಡಿಸಿ, ತುಳಿದು, ಪ್ಲಾಸ್ಟಿಕ್ ಹಾಳೆಯಿಂದ ಗಾಳಿಯಾಡದಂತೆ 21 ದಿನ ಮುಚ್ಚಿಡಬೇಕು. ತೆಗೆದ ಹುಲ್ಲನ್ನು ಒಂದು ಗಂಟೆ ಗಾಳಿಗೆ ಹರಡಿ, ಮೊದಲ ದಿನಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಅಭ್ಯಾಸ ಮಾಡಿಸಬೇಕು. ಆರು ತಿಂಗಳೊಳಗಿನ ಕರುಗಳಿಗೆ ಕೊಡಲೇಬಾರದು. ಯೂರಿಯಾ ಕರಗಿಸಿದ ನೀರನ್ನು ರಾಸು ಕುಡಿದರೆ ಅದು ವಿಷ. ಆ ಬಕೆಟ್ಟನ್ನು ತೊಳೆಯದೆ ಕೊಟ್ಟಿಗೆಯಲ್ಲಿ ಇಡಬೇಡಿ.

4. ರಸಮೇವು. ಕೊಳವೆ ಬಾವಿಯಲ್ಲಿ ಸ್ವಲ್ಪ ನೀರಿದ್ದರೂ ಸೆಪ್ಟೆಂಬರ್‌ನಲ್ಲಿ ಮುಸುಕಿನ ಜೋಳ ಹಾಕಿ, ಕಾಳು ಹಾಲುಗಟ್ಟಿ ಮೆತ್ತಗಿರುವಾಗಲೇ ಕೊಯ್ದು, ಒಂದು ಅಂಗುಲಕ್ಕೆ ಕತ್ತರಿಸಿ, ಗಾಳಿ ಹೋಗುವಂತೆ ತುಳಿದು ಮುಚ್ಚಿದರೆ 45 ದಿನಕ್ಕೆ ರಸಮೇವು ಸಿದ್ಧ. ಒಂದೆರಡು ಹಸು ಇರುವವರಿಗೆ ಗುಂಡಿಗಿಂತ ಗಾಳಿಯಾಡದ ದಪ್ಪ ಪ್ಲಾಸ್ಟಿಕ್ ಚೀಲಗಳೇ ಮೇಲು. ಗುಂಡಿಯನ್ನು ಒಮ್ಮೆ ತೆರೆದ ಮೇಲೆ ದಿನವೂ ಒಂದು ಪದರ ತೆಗೆಯದಿದ್ದರೆ ಮೇವು ಬೂಸ್ಟು ಹಿಡಿಯುತ್ತದೆ. ಗುಂಡಿ ಮಾಡುವುದಾದರೆ ನಾಲ್ಕಾರು ಮನೆಯವರು ಕೂಡಿ ಮಾಡಿ.

5. ಮರದ ಸೊಪ್ಪು ಮತ್ತು ಹಿಪ್ಪುನೇರಳೆ. ಬದುವಿನ ಅಗಸೆ, ಗ್ಲಿರಿಸಿಡಿಯಾ, ಹಾಲುವಾಣ, ಸುಬಾಬುಲ್ ಬರಗಾಲದ ಹಿಂಡಿ ಇದ್ದ ಹಾಗೆ. ಸುಬಾಬುಲ್ ಮಾತ್ರ ಒಟ್ಟು ಮೇವಿನ ಮೂರನೇ ಒಂದು ಭಾಗ ಮೀರಬಾರದು. ನಮ್ಮದು ರೇಷ್ಮೆ ಸೀಮೆ. ಹುಳು ತಿಂದು ಬಿಟ್ಟ ಹಿಪ್ಪುನೇರಳೆ ಸೊಪ್ಪು, ಕಡ್ಡಿ ಹಸುಗಳಿಗೆ ಹೋಗುತ್ತದೆ. ಒಳ್ಳೆಯದೇ. ಆದರೆ ತಟ್ಟೆಗೆ ಸೋಂಕು ನಿವಾರಕ ಪುಡಿ ಉದುರಿಸಿದ ದಿನದ ಸೊಪ್ಪನ್ನು, ಔಷಧಿ ಹೊಡೆದ ಮಾವಿನ ತೋಪಿನ ಅಡಿಯ ಹುಲ್ಲನ್ನು ಹಾಕಬೇಡಿ.

ಒಂದು ಮುಖ್ಯ ಎಚ್ಚರಿಕೆ. ಮಳೆ ಇಲ್ಲದೆ ಕುಗ್ಗಿದ ಎಳೆ ಜೋಳದಲ್ಲಿ ವಿಷದ ಅಂಶ ಸೇರಿಕೊಂಡಿರುತ್ತದೆ. ಹೂ ಬಿಡುವ ಮೊದಲು ಜೋಳದ ಪೈರನ್ನು ಮೇಯಿಸಬಾರದು. ಒಣಗಿದ ಹೊಲಕ್ಕೆ ಒಂದು ಮಳೆ ಬಿದ್ದು ಕೂಳೆ ಚಿಗುರಿದಾಗ ಅಪಾಯ ಇನ್ನೂ ಹೆಚ್ಚು. ಹಸಿದ ಹಸು ಅರ್ಧ ಗಂಟೆಯಲ್ಲಿ ಬಿದ್ದುಹೋಗಬಹುದು. ಉಸಿರು ಎಳೆಯುತ್ತಾ ನಡುಗತೊಡಗಿದರೆ ಮನೆಮದ್ದು ಮಾಡುತ್ತಾ ಕೂರಬೇಡಿ. ತಕ್ಷಣ ವೈದ್ಯರನ್ನು ಕರೆಯಿರಿ. ಸಕಾಲದಲ್ಲಿ ಚುಚ್ಚುಮದ್ದು ಸಿಕ್ಕರೆ ಬದುಕುತ್ತದೆ.

ನೆರೆ ಒಂದು ರಾತ್ರಿ ಮೊದಲು ಹೇಳುತ್ತದೆ

ನಿಮ್ಮ ಊರಿನಲ್ಲಿ ಮಳೆ ಬೀಳದಿದ್ದರೂ ನೆರೆ ಬರಬಹುದು. ಅರ್ಕಾವತಿಯ ನೀರು ತಿಪ್ಪಗೊಂಡನಹಳ್ಳಿ, ಮಂಚನಬೆಲೆ ದಾಟಿ ರಾಮನಗರಕ್ಕೆ ಬಂದು, ಅಲ್ಲಿಂದ ಕನಕಪುರದ ಹಾರೋಬೆಲೆಗೆ ಹೋಗಿ ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ. ಕಣ್ವಾ ಜಲಾಶಯ ತುಂಬಿದರೆ ಕೆಳಗಿನ ಚನ್ನಪಟ್ಟಣದ ಹಳ್ಳಿಗಳು ನೀರು ನೋಡಬೇಕು. ಆದ್ದರಿಂದ ನಿಮ್ಮ ಸಂಘ ಮೇಲಿನ ಕೆರೆಯ ಊರಿನ ಸಂಘದ ಕಾರ್ಯದರ್ಶಿಯ ದೂರವಾಣಿ ಸಂಖ್ಯೆಯನ್ನು ಇಟ್ಟುಕೊಂಡಿರಬೇಕು. ಅಲ್ಲಿ ಕೋಡಿ ಬಿದ್ದ ಸುದ್ದಿ ಇಲ್ಲಿಗೆ ನೀರಿಗಿಂತ ಮೊದಲು ಬರಬೇಕು. 1988ರಲ್ಲಿ ಬರ ಉಸ್ತುವಾರಿ ಕೋಶವಾಗಿ ಆರಂಭವಾದ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದ ಮಳೆ ಮಾಪಕಗಳಿಂದ ಮಾಹಿತಿ ಪಡೆಯುತ್ತದೆ. ಅದರ ವರುಣ ಮಿತ್ರ ಸಹಾಯವಾಣಿಯನ್ನು ರೈತರು ಯಾವ ಹೊತ್ತಿನಲ್ಲಾದರೂ ಕೇಳಬಹುದು.

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಿಕೊಳ್ಳಬೇಕು. ಆ ವರ್ಷ ನೀರು ಇಳಿದ ಮೇಲೆ ಹೊಳೆ ಬದಿಯ ಒಂದು ಊರಿಗೆ ಹೋಗಿದ್ದೆ. ಒಂದು ಕೊಟ್ಟಿಗೆಯಲ್ಲಿ ಎರಡು ಹಸು ಗೂಟಕ್ಕೆ ಕಟ್ಟಿದ ಹಾಗೆಯೇ ಸತ್ತಿದ್ದವು. ಹಗ್ಗ ನೆನೆದು ಗಂಟು ಕಲ್ಲಿನಂತೆ ಬಿಗಿದಿತ್ತು. ಮನೆಯಾಕೆ ಕತ್ತಲಲ್ಲಿ ಉಗುರಿನಿಂದ ಬಿಚ್ಚಲು ನೋಡಿ, ನೀರು ಎದೆಮಟ್ಟ ಬಂದಾಗ ಮಕ್ಕಳನ್ನು ಎತ್ತಿಕೊಂಡು ಹೊರಟಿದ್ದರು. ಪಕ್ಕದ ಕೊಟ್ಟಿಗೆಯವರು ಹಗ್ಗವನ್ನು ಕುಡುಗೋಲಿನಿಂದ ಕೊಯ್ದು ಬಿಟ್ಟಿದ್ದರು. ಅವರ ರಾಸುಗಳು ತಾವೇ ಈಜಿ ದಿಬ್ಬ ಹತ್ತಿದ್ದವು. ಅದೇ ಊರಿನಲ್ಲಿ ಕೆಲವು ತಿಂಗಳ ಹಿಂದೆ ನಾನು ಕೆಚ್ಚಲು ಬಾವಿನ ಬಗ್ಗೆ ಒಂದು ಗಂಟೆ ಭಾಷಣ ಮಾಡಿದ್ದೆ. ಗಂಟಿನ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ಅಂದಿನಿಂದ ಯಾವ ಸಂಘಕ್ಕೆ ಹೋದರೂ ಮೊದಲು ಗಂಟು ಹಾಕಿ ತೋರಿಸುತ್ತೇನೆ.

ಆದ್ದರಿಂದ ಮಳೆಗಾಲ ಮುಗಿಯುವವರೆಗೆ ಈ ಕೆಳಗಿನವು ಕಡ್ಡಾಯ:

• ಹಗ್ಗದ ತುದಿಯನ್ನು ಪೂರ್ತಿ ತೂರಿಸದೆ ಮಡಿಸಿ ಸಿಕ್ಕಿಸಿ, ಒಂದೇ ಸಲ ಎಳೆದರೆ ಬಿಚ್ಚುವಂತೆ ಕಟ್ಟಬೇಕು. ಮನೆಯ ಹೆಂಗಸರಿಗೂ ಮಕ್ಕಳಿಗೂ ಇದನ್ನು ಕಲಿಸಿ. ಕೊಟ್ಟಿಗೆ ಬಾಗಿಲ ಬಳಿ ಹರಿತವಾದ ಕುಡುಗೋಲು ಒಂದು ನೇತಾಡುತ್ತಿರಲಿ.
• ಸರಪಣಿ ಹಾಕಿ ಬೀಗ ಹಾಕುವ ಅಭ್ಯಾಸ ಇದ್ದರೆ ಜೋರು ಮಳೆಯ ರಾತ್ರಿ ಬಿಡಿ.
• ರಾಸುಗಳನ್ನು ಯಾವ ದಿಬ್ಬಕ್ಕೆ, ಯಾವ ದಾರಿಯಲ್ಲಿ ಹೊಡೆಯಬೇಕೆಂದು ಮೊದಲೇ ತೀರ್ಮಾನಿಸಿ. ಹಳ್ಳ ದಾಟುವ ದಾರಿ ಬೇಡ.
• ಪಶು ಆಹಾರದ ಮೂಟೆಗಳು ನೆಲದಿಂದ ಎತ್ತರದ ಅಟ್ಟದ ಮೇಲಿರಲಿ. ಮೆದೆಯನ್ನು ತಗ್ಗಿನಲ್ಲಿ ಒಟ್ಟಬೇಡಿ.
• ಕೊಟ್ಟಿಗೆಯ ಹಳೆಯ ವಿದ್ಯುತ್ ತಂತಿ, ಮೇವು ಕತ್ತರಿಸುವ ಯಂತ್ರದ ಸ್ವಿಚ್ಚು ಮಳೆಗಾಲಕ್ಕೆ ಮೊದಲು ದುರಸ್ತಿಯಾಗಲಿ. ಒದ್ದೆ ನೆಲದಲ್ಲಿ ವಿದ್ಯುತ್ ಹರಿದರೆ ಮೊದಲು ಸಾಯುವುದು ಹಸು.
• ಮುಂಗಾರಿಗೆ ಮುನ್ನ ಗಳಲೆ ರೋಗ ಮತ್ತು ಚಪ್ಪೆ ರೋಗದ ಲಸಿಕೆ ಹಾಕಿಸಿ. ಕಾಲುಬಾಯಿ ಜ್ವರದ ಲಸಿಕೆಯನ್ನು ವರ್ಷಕ್ಕೆ ಎರಡು ಸಲ ತಪ್ಪಿಸಬೇಡಿ. ನೆರೆ ಬಂದ 2022ರಲ್ಲೇ ಚರ್ಮಗಂಟು ರೋಗವೂ ರಾಜ್ಯದಲ್ಲಿ ಹರಡಿದ್ದು ನೆನಪಿರಲಿ. ಆ ರೋಗವನ್ನು ಹರಡುವುದು ಸೊಳ್ಳೆ, ನೊಣ, ಉಣ್ಣೆ. ನಿಂತ ನೀರು ಸೊಳ್ಳೆಗಳ ತೊಟ್ಟಿಲು.

ನೀರು ಇಳಿದ ಮೇಲೆ ನೆನೆದ ಹುಲ್ಲು, ಹಿಂಡಿಯನ್ನು ದುಡ್ಡು ಕೊಟ್ಟದ್ದೆಂದು ತಿನ್ನಿಸಬೇಡಿ. ಬೂಸ್ಟಿನ ವಿಷ ಹಸುವಿನ ಹಾಲಿಗೂ ಇಳಿಯುತ್ತದೆ, ಆ ಹಾಲನ್ನು ಕುಡಿಯುವುದು ನಮ್ಮ ಮಕ್ಕಳೇ. ಸತ್ತ ರಾಸುವನ್ನು ಹೊಳೆಗೆ ತಳ್ಳದೆ, ಕುಡಿಯುವ ನೀರಿನಿಂದ ದೂರ, ಆಳವಾದ ಗುಂಡಿ ತೋಡಿ ಸುಣ್ಣ ಹಾಕಿ ಹೂಳಬೇಕು. ಹೂಳುವ ಮೊದಲು ಏನು ಮಾಡಬೇಕೆಂದು ಮುಂದೆ ಹೇಳಿದ್ದೇನೆ.

ಬಿಸಿಲು ಮತ್ತು ಸಿಡಿಲು

ನಮ್ಮ ಹಳ್ಳಿಕಾರ್ ತಳಿ ಬಿಸಿಲಿಗೆ ಹುಟ್ಟಿದ್ದು. ಎಚ್‌.ಎಫ್. ಮಿಶ್ರತಳಿ ಹಾಗಲ್ಲ. ಏಪ್ರಿಲ್–ಮೇ ಮಧ್ಯಾಹ್ನ ಹಸುವಿನ ಪಕ್ಕೆಯನ್ನು ಅರ್ಧ ನಿಮಿಷ ನೋಡಿ. ಉಸಿರಾಟ 30 ದಾಟಿದರೆ, ಅಂದರೆ ನಿಮಿಷಕ್ಕೆ 60 ಮೀರಿದರೆ, ಅದು ಬಿಸಿಲಿನಲ್ಲಿ ಬೇಯುತ್ತಿದೆ ಎಂದು ತಿಳಿಯಿರಿ. ಹಾಲು ಇಳಿಯುತ್ತದೆ, ಬೆದೆ ಕಾಣುವುದಿಲ್ಲ, ಗರ್ಭ ನಿಲ್ಲುವುದಿಲ್ಲ. ಹಾಲು ಕೊಡುವ ಹಸುವಿಗೆ ದಿನಕ್ಕೆ 60ರಿಂದ 80 ಲೀಟರ್ ನೀರು ಬೇಕು, ಬಿಸಿಲಿನ ದಿನಗಳಲ್ಲಿ ಇನ್ನೂ ಹೆಚ್ಚು. ತೊಟ್ಟಿ ನೆರಳಿನಲ್ಲಿ ಸದಾ ತುಂಬಿರಲಿ. ಶೀಟಿನ ಮಾಡಿನ ಮೇಲೆ ತೆಂಗಿನ ಗರಿ ಹೊದಿಸಿ ಇಲ್ಲವೇ ಸುಣ್ಣ ಬಳಿಯಿರಿ. ಮೇವನ್ನು ಬೆಳಗಿನ ಜಾವ ಮತ್ತು ರಾತ್ರಿ ಹೆಚ್ಚು ಹಾಕಿ.

ಮುಂಗಾರು ಪೂರ್ವದ ಮಳೆಯಲ್ಲಿ ಸಿಡಿಲು ಹೆಚ್ಚು. ಗುಡುಗು ಕೇಳಿದ ಕೂಡಲೇ ಒಂಟಿ ಮರದ ಅಡಿಯಿಂದ, ತಂತಿ ಬೇಲಿಯ ಪಕ್ಕದಿಂದ ರಾಸುಗಳನ್ನು ಬಿಚ್ಚಿ ಕೊಟ್ಟಿಗೆಗೆ ತನ್ನಿ. ನೀವೂ ಮರದಡಿ ನಿಲ್ಲಬೇಡಿ.

ಕಿವಿಯೋಲೆ ಮತ್ತು ಕಾಗದಪತ್ರ

ಮೇಲೆ ಹೇಳಿದ ಎರಡು ಹಸುಗಳಲ್ಲಿ ಒಂದಕ್ಕೆ ಕಿವಿಯೋಲೆ ಇರಲಿಲ್ಲ. ಬಿದ್ದುಹೋಗಿತ್ತಂತೆ, ಮತ್ತೆ ಹಾಕಿಸಿರಲಿಲ್ಲ. ವಿಮೆ ಮಾಡಿಸಿದ್ದೂ ದಂಡವಾಯಿತು. 12 ಅಂಕಿಯ ಆ ಹಳದಿ ಓಲೆ ನಿಮ್ಮ ಹಸುವಿನ ಗುರುತು. ಅದು ಬಿದ್ದರೆ ಆ ವಾರವೇ ಮತ್ತೆ ಹಾಕಿಸಿ.

ಪ್ರಕೃತಿ ವಿಕೋಪದಲ್ಲಿ ರಾಸು ಸತ್ತರೆ ವಿಪತ್ತು ಪರಿಹಾರ ನಿಧಿಯಿಂದ ನೆರವು ಉಂಟು. 2022–26ರ ಅವಧಿಯ ಮಾನದಂಡದಲ್ಲಿ ಹಾಲು ಕೊಡುವ ಹಸು, ಎಮ್ಮೆಗೆ 37,500 ರೂಪಾಯಿ, ಉಳುವ ಎತ್ತಿಗೆ 32,000, ಕರುವಿಗೆ 20,000 ರೂಪಾಯಿ ಎಂದು ನಿಗದಿಯಾಗಿತ್ತು. ಹಾಲಿನ ದೊಡ್ಡ ರಾಸುಗಳಿಗೆ ಮನೆಗೆ ಮೂರರ ಮಿತಿ ಇತ್ತು. ಈಗಿನ ದರವನ್ನು ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಿ. ಹೂಳುವ ಮೊದಲು ಓಲೆ ಕಾಣುವಂತೆ ಫೋಟೊ ತೆಗೆಯಿರಿ, ಪಶುವೈದ್ಯರಿಂದ ಮರಣೋತ್ತರ ಪರೀಕ್ಷೆ ಮಾಡಿಸಿ, ಗ್ರಾಮ ಆಡಳಿತ ಅಧಿಕಾರಿಗೆ ತಿಳಿಸಿ. ದುಃಖದಲ್ಲಿ ಬೇಗ ಹೂಳಿಬಿಟ್ಟರೆ ಆಮೇಲೆ ಸಾಕ್ಷಿ ಇರುವುದಿಲ್ಲ. ವಿಮೆಯ ಚೀಟಿ, ಓಲೆಯ ಸಂಖ್ಯೆ, ಬ್ಯಾಂಕ್ ಪುಸ್ತಕದ ಪ್ರತಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಎತ್ತರದಲ್ಲಿಡಿ.

ಇದು ಸಂಘದ ಕೆಲಸ ಏಕೆ?

ದಿನಕ್ಕೆ ಎರಡು ಸಲ, ಬೆಳಿಗ್ಗೆ ಮತ್ತು ಸಂಜೆ, ಊರಿನ ಹೆಚ್ಚಿನ ಮನೆಗಳಿಂದ ಒಬ್ಬೊಬ್ಬರು ಬಂದು ಸೇರುವ ಜಾಗ ಹಾಲಿನ ಡೇರಿ. ಗ್ರಾಮಸಭೆಗೆ ಬಾರದವರೂ ಡೇರಿಗೆ ಬರುತ್ತಾರೆ. ಸಂಜೆ ಹಾಲು ಅಳೆಯುವಾಗ ಹೇಳಿದ ಸುದ್ದಿ ರಾತ್ರಿಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆ. ಯಾರ ಮನೆಯಲ್ಲಿ ಎಷ್ಟು ಹಸು, ಯಾರ ಕೊಟ್ಟಿಗೆ ತಗ್ಗಿನಲ್ಲಿದೆ, ಯಾರ ಮನೆಯಲ್ಲಿ ವಯಸ್ಸಾದವರು ಒಬ್ಬರೇ ಇದ್ದಾರೆ ಎಂಬುದು ಕಾರ್ಯದರ್ಶಿಗೆ ಬಾಯಿಪಾಠ. ಈ ತಿಳಿವಳಿಕೆಯನ್ನು ಹಾಳೆಗೆ ಇಳಿಸಿದರೆ ಅದೇ ಯೋಜನೆ.

ಮುಂದಿನ ಆಡಳಿತ ಮಂಡಳಿ ಸಭೆಯ ವಿಷಯಸೂಚಿಯಲ್ಲಿ ಇದನ್ನು ಸೇರಿಸಿ, ಕೆಳಗಿನ ಹಾಳೆಯನ್ನು ಬರೆದು ಹಾಲು ಅಳೆಯುವ ಮೇಜಿನ ಹಿಂದೆ ಅಂಟಿಸಿ:

ಜನವರಿ: ಸಂಕ್ರಾಂತಿಯ ಮೆದೆ ಲೆಕ್ಕ. ಕೊರತೆ ಇರುವ ಮನೆಗಳ ಪಟ್ಟಿ. ಒಟ್ಟಾಗಿ ಹುಲ್ಲು ಖರೀದಿ.
ಮಾರ್ಚ್: ಮಾಡಿನ ಹೊದಿಕೆ, ನೀರಿನ ತೊಟ್ಟಿ. ವಿಮೆ, ಕಿವಿಯೋಲೆ ಪರಿಶೀಲನೆ.
ಮೇ: ಲಸಿಕೆ. ವಿದ್ಯುತ್ ದುರಸ್ತಿ. ಶೈತ್ಯೀಕರಣ ಘಟಕ ಇರುವ ಸಂಘಗಳಲ್ಲಿ ಜನರೇಟರ್ ಪರೀಕ್ಷೆ.
ಜೂನ್: ತಗ್ಗಿನ ಕೊಟ್ಟಿಗೆಗಳ ಪಟ್ಟಿ. ಒಬ್ಬೊಬ್ಬರಿಗೂ ರಾತ್ರಿ ನೆರವಾಗುವ ನೆರೆಮನೆಯವರ ಹೆಸರು. ದಿಬ್ಬದ ಗುರುತು. ಗಂಟಿನ ಅಭ್ಯಾಸ.
ಆಗಸ್ಟ್ 20: ರಾಗಿ ಬಿತ್ತನೆ ಆಯಿತೇ, ಹೊಲದಲ್ಲಿ ಪೈರು ಇದೆಯೇ ಎಂದು ಸಭೆ. ಇಲ್ಲದಿದ್ದರೆ ಅಂದೇ ಬರದ ತೀರ್ಮಾನ. ಸೆಪ್ಟೆಂಬರ್‌ನಲ್ಲಿ ಹುರುಳಿ, ಮೇವಿನ ಜೋಳದ ಬೀಜ.
ಅಕ್ಟೋಬರ್: ಉಳಿಸಿಕೊಳ್ಳುವ ರಾಸು ಯಾವುದು, ಮಾರುವುದು ಯಾವುದು ಎಂದು ಮನೆಮನೆಯಲ್ಲಿ ತೀರ್ಮಾನ.

ಹಾಳೆಯ ಕೆಳಗೆ ದಪ್ಪಕ್ಷರದಲ್ಲಿ ಮೂರು ಸಂಖ್ಯೆ ಇರಲಿ: ನಿಮ್ಮ ಪಶುವೈದ್ಯರದು, ಮೇಲಿನ ಕೆರೆಯ ಊರಿನ ಕಾರ್ಯದರ್ಶಿಯದು, ಪಶು ಸಂಜೀವಿನಿ ತುರ್ತು ವಾಹನದ 1962.

ಸರ್ಕಾರ ಬರ ಘೋಷಿಸುವವರೆಗೆ, ಗೋಶಾಲೆ ತೆರೆಯುವವರೆಗೆ ಹಸು ಕಾಯುವುದಿಲ್ಲ. ಆಗಸ್ಟ್ 20ರ ಸಭೆಗೆ ಸರ್ಕಾರಿ ಆದೇಶ ಬೇಕಿಲ್ಲ. ನಿಮ್ಮ ಹೊಲಕ್ಕೆ ನೀವು ಒಮ್ಮೆ ಹೋಗಿ ಬಂದರೆ ಸಾಕು. ಇನ್ನು ಗಂಟಿಗೆ ಸಭೆಯೂ ಬೇಕಿಲ್ಲ. ಈ ಪುಟವನ್ನು ಓದಿ ಮಡಿಸಿಟ್ಟ ಮೇಲೆ, ಇಂದು ಸಂಜೆ ಹಾಲು ಕರೆದು ಹಸುವನ್ನು ಮತ್ತೆ ಕಟ್ಟುವಾಗ, ಒಂದೇ ಸಲ ಎಳೆದರೆ ಬಿಚ್ಚುತ್ತದೆಯೇ ನೋಡಿ. ಬಿಚ್ಚದಿದ್ದರೆ ಬೇರೆ ರೀತಿ ಕಟ್ಟಿ.